ಎರಡು ಮಗ್ಗು, ಮೂರು ಸರಪಳಿ

ಮುಂಬೈಯಿಂದ ಬಂದ ಗಾಡಿ ಗದಗ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಬೋಗಿಯ ಮುಂದಿನ ತುದಿಯ ಪಾಯಖಾನೆ ಬಾಗಿಲು ಧಡ್ಡನೆ ತೆರೆಯಿತು. ಹೊರಗೆ ಬಂದವರು ಸಿದ್ದಾಪುರದ ಗೊಬ್ಬರದಂಗಡಿ ಪಂಪಾಪತಿ. ಮುಖ ಕೆಂಪಡರಿತ್ತು. ಕೈಯಲ್ಲಿ ಕುಡಿಯುವ ನೀರಿನ ಬಾಟಲಿ. ಪೂರಾ ಖಾಲಿ.

ಒಳಗೆ ನಲ್ಲಿ ಇತ್ತು, ನೀರೂ ಇತ್ತು. ಮಗ್ಗು ಮಾತ್ರ ಮಾಯ. ಎದುರಿನ ಪಾಯಖಾನೆಯಲ್ಲೂ ಅದೇ ಕಥೆ. ಮಗ್ಗಿಗೆ ಕಟ್ಟಿದ್ದ ಸರಪಳಿಯೂ ಇಲ್ಲ. ಗೋಡೆಯ ಕೊಂಡಿಗಳೆರಡೂ ಬೋಳಾಗಿ ನಿಂತಿದ್ದವು.

ಪಂಪಾಪತಿ ಅಲ್ಲೇ ನಿಂತು ಫೋನು ಹಚ್ಚಿ ದೂರು ಕೊಟ್ಟರು. ಐದೇ ನಿಮಿಷಕ್ಕೆ ಬೋಗಿ ತೊಳೆಯುವ ಹುಚ್ಚೀರಪ್ಪನ ಫೋನು ಬಡಿದುಕೊಂಡಿತು. ಗುತ್ತಿಗೆದಾರನ ಸೂಪರ್‌ವೈಸರ್ ಕೊಪ್ಪಳದ ಪ್ಲಾಟ್‌ಫಾರ್ಮಿನಲ್ಲಿ ದೂರಿನ ಕಾಗದ ಹಿಡಿದು ಕಾಯುತ್ತಾನಂತೆ. ಹಿಂದೆ ಎರಡು ದೂರು ಬಂದಿದ್ದವು, ಇದು ಮೂರನೆಯದು. ಮಗ್ಗು ಸಿಗದಿದ್ದರೆ ಅಲ್ಲೇ ಇಳಿದು, ಕೆಲಸದ ನೀಲಿ ಅಂಗಿ ಬಿಚ್ಚಿಕೊಟ್ಟು, ತನ್ನೂರು ತಾವರಗೇರಾದ ಬಸ್ಸು ಹತ್ತಬೇಕು.

ರೈಲ್ವೆ ಪೊಲೀಸ್ ಹವಾಲ್ದಾರ್ ಖೈರುನಬಿ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಗಂಗಾವತಿಯವಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಸರ, ಪರ್ಸು, ಮೊಬೈಲು, ಒಮ್ಮೆ ಒಂದು ಜೀವಂತ ಹುಂಜವನ್ನೂ ಹುಡುಕಿಕೊಟ್ಟಿದ್ದಳು. ಪಾಯಖಾನೆಯ ಮಗ್ಗು ಇದೇ ಮೊದಲು. ತುಟಿಯ ತುದಿಗೆ ನಗು ಬಂತು. ಹುಚ್ಚೀರಪ್ಪನ ಮುಖ ನೋಡಿದಳು. ನಗು ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಕೊಪ್ಪಳಕ್ಕೆ ಇನ್ನು ಮುಕ್ಕಾಲು ತಾಸು.

*

ಪಂಪಾಪತಿಯವರ ಪ್ರಕಾರ ಪತ್ತೆ ಮಾಡುವುದು ಏನೂ ಉಳಿದಿರಲಿಲ್ಲ. ತೊಳೆಯುವವನೇ ತೆಗೆದಿದ್ದಾನೆ, ಗುಜರಿಗೆ ಹಾಕಿದ್ದಾನೆ.

"ಸ್ಟೀಲಿನ ಮಗ್ಗು ಅವು. ಮಾರಿದ್ರ ಚಾಕ್ಕರ ಆಕ್ಕಾವು," ಎಂದರು.

"ಒಂದು ಕಪ್ ಚಾಕ್ಕ ಯಾರರ ನೌಕ್ರಿ ಮಾರ್ಕೋತಾರೇನ್ರಿ ಸಾವ್ಕಾರ್ರ?" ಎಂದಳು ಖೈರುನಬಿ.

ಬಾಗಲಕೋಟೆ ದಾಟಿದ ಮೇಲೆ ತಾನು ಎರಡನ್ನೂ ತೊಳೆದದ್ದಾಗಿಯೂ ಆಗ ಮಗ್ಗುಗಳು ಇದ್ದದ್ದಾಗಿಯೂ ಹುಚ್ಚೀರಪ್ಪ ಹೇಳಿದ. ಅಲ್ಲಿಂದೀಚೆಗೆ ಬೋಗಿಯಿಂದ ಇಳಿದವರು ಯಾರೂ ಇಲ್ಲ. ಅಂದರೆ ಮಗ್ಗು ಗಾಡಿಯಲ್ಲೇ ಇವೆ.

ಖೈರುನಬಿ ಸಾಲು ಹಿಡಿದು ಹೊರಟಳು. ನಡುವಿನ ಸೀಟಿನಲ್ಲಿ ಅಳವಂಡಿಯ ಮುದಕಮ್ಮನ ಚೀಲ ಗಾಡಿ ಅಲುಗಿದಾಗಲೆಲ್ಲ ಠಣ್ ಅನ್ನುತ್ತಿತ್ತು. ಬಿಚ್ಚಿಸಿದಳು. ರೊಟ್ಟಿ ಗಂಟು, ಶೇಂಗಾ ಹೋಳಿಗೆಯ ಡಬ್ಬಿ, ಒಂದು ತಂಬಿಗೆ. ತಂಬಿಗೆಯ ಕಂಠಕ್ಕೆ ಮುದಕಮ್ಮನ ಹೆಸರು ಕೊರೆಸಿತ್ತು.

"ಪಾಯಖಾನಿ ಮಗ್ಗ ತಂದು ರೊಟ್ಟಿ ಗಂಟಿನ ಜೋಡಿ ಇಟ್ಕೊಳ್ಳಾಕ ನನಗೇನ ತಲಿ ಕೆಟ್ಟೈತೇನಬೇ ಯವ್ವಾ?" ಎಂದಳು ಮುದುಕಿ. ಸುತ್ತಲಿನವರು ನಕ್ಕರು. ಖೈರುನಬಿಯ ಕೈಗೂ ಒಂದು ಹೋಳಿಗೆ ಬಂತು.

ಮುದುಕಿ ಬೋಗಿಗೆಲ್ಲ ಹೋಳಿಗೆ ಹಂಚಿದ್ದಾಳಂತೆ. ಬೇಡವೆಂದದ್ದು ಒಬ್ಬಾಕೆ ಮಾತ್ರ, ಆ ಕೊನೆಯ ಸೀಟಿನ ಹಿರಿಯಳು. ಏಕಾದಶಿ ಉಪವಾಸ ಅಂದಳಂತೆ.

"ಏಕಾದಶಿ ಮೊನ್ನೆನ ಮುಗದೈತಿ. ನನಗ ಗೊತ್ತಿಲ್ಲೇನು?" ಎಂದು ಮುದಕಮ್ಮ ಮೂಗು ಮುರಿದಳು. ತನ್ನ ಹೋಳಿಗೆಗೆ ಅವಮಾನವಾಯಿತೆಂದು ಅವಳ ತಕರಾರು.

ಖೈರುನಬಿ ಕೊನೆಯ ಸೀಟಿನತ್ತ ನೋಡಿದಳು. ಹಿರಿಯಳು ಕಿಟಕಿಗೆ ಒರಗಿ ಕೂತಿದ್ದಳು. ಬಲಗೈ ಪೂರಾ ಸೆರಗಿನೊಳಗೆ. ಪಕ್ಕದಲ್ಲಿ ಗಂಡ, ಕುಷ್ಟಗಿಯ ಅಂದಪ್ಪ, ಒಂದು ಕಾಲಕ್ಕೆ ಸೈಕಲ್ ರಿಪೇರಿ ಅಂಗಡಿ ಇಟ್ಟವರೆಂದು ಮುದಕಮ್ಮನೇ ಹೇಳಿದಳು. ಗದಗಿನಲ್ಲಿ ಖೈರುನಬಿ ಗಾಡಿ ಹತ್ತುವಾಗ ಇದೇ ಅಂದಪ್ಪ ಹಿಂದಿನ ಪಾಯಖಾನೆಯ ಬಾಗಿಲಿಗೆ ಬೆನ್ನು ಕೊಟ್ಟು, ಸಾಬೂನಿನ ಡಬ್ಬಿ ಹಿಡಿದು, ಕಾವಲುಗಾರನ ಹಾಗೆ ನಿಂತಿದ್ದರು. ಒಳಗೆ ಹೆಂಡತಿ ಇದ್ದಾಳೆಂದು ಮುಜುಗರದಿಂದ ನಕ್ಕಿದ್ದರು.

*

ಖೈರುನಬಿಗೆ ಕಥೆ ಹೇಳಿ ಬೆಳೆಸಿದವಳು ಅಜ್ಜಿ ಇಮಾಮಬಾನು. ಅಜ್ಜಿಯ ಕಥೆಯ ರಾಜಕುಮಾರಿ ಉಂಗುರ ಕಳೆದರೆ ಖಾಲಿಯಾದ ಪೆಟ್ಟಿಗೆಯ ಮುಂದೆ ಅಳುತ್ತ ಕೂರುತ್ತಿರಲಿಲ್ಲ. ತುಂಬಿದ ಪೆಟ್ಟಿಗೆ ತೆಗೆದು ನೋಡುತ್ತಿದ್ದಳು, ಇಲ್ಲಿ ಏನು ಹೆಚ್ಚಾಗಿದೆ ಎಂದು.

ಎಲ್ಲರೂ ಮಗ್ಗು ಇಲ್ಲದ ಪಾಯಖಾನೆಗಳನ್ನೇ ನೋಡುತ್ತಿದ್ದರು. ಖೈರುನಬಿ ಮಗ್ಗು ಇದ್ದ ಕಡೆ ಹೋದಳು.

ಹಿಂದಿನ ತುದಿಯ ಮೊದಲನೆಯದರಲ್ಲಿ ಎಲ್ಲ ಸರಿ. ಗಿಡ್ಡ ಸರಪಳಿ, ತುದಿಗೆ ಮಗ್ಗು. ಎದುರಿನದು ಕುರ್ಚಿಯಂತೆ ಕೂರುವ ಕಮೋಡಿನದು, ಬೋಗಿಗೆಲ್ಲ ಅದೊಂದೇ. ಅದರಲ್ಲೂ ಮಗ್ಗು ಇತ್ತು. ಆದರೆ ಸರಪಳಿ ಬಲಗೋಡೆಯಿಂದ ಇಳಿದು, ನೆಲದ ಮೇಲೆ ಹಾವಿನಂತೆ ಸುತ್ತಿಕೊಂಡು, ಎಡಗಡೆಯ ಹಿಡಿಕೆಯವರೆಗೂ ಬಂದಿತ್ತು. ಅವಳು ಬಗ್ಗಿ ಕೊಂಡಿ ಎಣಿಸಿದಳು. ಒಂದಲ್ಲ, ಮೂರು ಸರಪಳಿ. ಎರಡು ಕಡೆ ಕೊಂಡಿಯ ಬಾಯಿ ತೆರೆದು, ಇನ್ನೊಂದನ್ನು ಸಿಕ್ಕಿಸಿ, ಮತ್ತೆ ಒತ್ತಿ ಮುಚ್ಚಿತ್ತು. ಕೈ ಪಳಗಿದವನ ಕೆಲಸ.

ನಲ್ಲಿ ಬಿಟ್ಟು ಕೈ ತೊಳೆದುಕೊಂಡಳು. ಬಹಳ ಹೊತ್ತು ತೊಳೆದಳು. ಹೊರಗೆ ಭಾನಾಪುರ ಹಿಂದೆ ಸರಿಯುತ್ತಿತ್ತು.

*

ಅಂದಪ್ಪನನ್ನು ಬಾಗಿಲ ಬಳಿ ಕರೆದಳು. ಉಳಿದವರಿಗೆ ಕೇಳದ ಹಾಗೆ, ಗಾಡಿಯ ಸದ್ದಿನ ಮರೆಯಲ್ಲಿ ಮಾತಾಡಿದಳು.

"ಕಾಕಾರ, ಮಗ್ಗ ಕದಿಯಾಂವ ಮಗ್ಗ ಒಯ್ತಾನ. ಸರಪಳಿ ಬಿಚ್ಚಕೋತ ಕೂಡೂದಿಲ್ಲ. ನಿಮಗ ಬೇಕಾಗಿದ್ದು ಸರಪಳಿ."

ಅಂದಪ್ಪ ಹೆಂಡತಿಯ ಸೀಟಿನತ್ತ ತಿರುಗಿ ನೋಡಿದರು.

ಅವಳೇ ಬಿಡಿಸಿ ಹೇಳಿದಳು. ಕಮೋಡಿನ ಮಗ್ಗು ಬಲಗೋಡೆಗೆ. ಸರಪಳಿ ಗಿಡ್ಡ. ಬಲಗೈ ಏಳದವರಿಗೆ ಅದು ಸಿಗುವುದಿಲ್ಲ. ಅಂದಪ್ಪನ ಹೆಂಡತಿಯ ಬಲಗೈ ಸೆರಗು ಬಿಟ್ಟು ಹೊರಗೆ ಬಂದದ್ದನ್ನು ಯಾರೂ ನೋಡಿಲ್ಲ. ಉಳಿದದ್ದು ಎಡಗೈ. ತೊಳೆಯುವುದೂ ಅದೇ, ಉಣ್ಣುವುದೂ ಅದೇ. ನಾಲ್ಕು ಮಂದಿಯ ಎದುರು ಎಡಗೈಲಿ ತುತ್ತು ಎತ್ತುವುದು ಹೇಗೆ? ಅದಕ್ಕೇ ಮುಗಿದುಹೋದ ಏಕಾದಶಿ ಮತ್ತೆ ಬಂತು. ಇನ್ನು ಕೊಂಡಿಯನ್ನು ಹಾಗೆ ಒತ್ತಿ ಕೂಡಿಸಲು ಸೈಕಲ್ ಚೈನು ಕೂಡಿಸಿದ ಕೈಯೇ ಬೇಕು.

"ಒಂದು ಗೊತ್ತಾಗಲಿಲ್ಲ," ಎಂದಳು. "ಮನಿಯಿಂದ ತಂಬಿಗಿ ತಂದಿರಲಿಲ್ಲೇನು?"

ಅಂದಪ್ಪ ಮೆಲ್ಲಗೆ ಹೇಳಿದರು. ನಾಲ್ಕು ತಿಂಗಳ ಹಿಂದೆ ಹೆಂಡತಿಗೆ ಲಕ್ವ ಹೊಡೆದಿತ್ತು. ಮುಂಬೈಯ ದವಾಖಾನೆಗೆ ಒಯ್ದು ತೋರಿಸಿ ತರುತ್ತಿದ್ದರು. ತಂಬಿಗೆ ಇತ್ತು. ಗಾಡಿ ಅಲುಗಿದಾಗ ಉರುಳಿ ಹೋಯಿತು. ಹಿಡಿಯಲು ಬಗ್ಗಿದವಳು ಅಲ್ಲೇ ಬಿದ್ದಳು. ಒಳಗೆ ಬರಲೇ ಅಂದರೆ ಬೇಡ ಅಂದಳು. ಬಾಗಿಲ ಹಿಂದೆ ಅಳುವುದು ಕೇಳುತ್ತಿತ್ತು.

"ಉದ್ದ ಸರಪಳಿ ಇದ್ರ ಮಗ್ಗ ಬಿದ್ದರೂ ಕುಂತಲ್ಲೆ ಎಳಕೋಬಹುದಲ್ಲ ಅಂತ ಮಾಡಿದೆ. ಕೊಂಡಿ ಒತ್ತೂ ಪಕ್ಕಡ ಯಾವಾಗ್ಲೂ ಚೀಲದಾಗ ಇರ್ತೈತಿ. ಬಿಡಿ ಮಗ್ಗ ಯಾರರ ಒಯ್ದಾರಂತ ಎತ್ತಿಟ್ಟೆ. ಕೊಪ್ಪಳ ಬರೂದ್ರಾಗ ತಿರುಗಿ ಹಾಕಬೇಕಂತಿದ್ದೆ. ಅಷ್ಟರಾಗ ಮಂದಿ ನೆರೀತು."

"ಆ ಹುಚ್ಚೀರಪ್ಪನ ನೌಕ್ರಿ ಹೊಂಟೈತ್ರಿ."

"ಇಳದ ಕೂಡ್ಲೆ ನಾನ ಒಪ್ಕೋತೀನಿ. ಕಳ್ಳ ಅನ್ಲಿ. ಯಾಕ ಅಂತ ಮಾತ್ರ ಕೇಳಿಸಬ್ಯಾಡವಾ ತಂಗಿ. ಆಕಿ ಆಣಿ ಹಾಕಿಸ್ಯಾಳ."

*

ಕೊಪ್ಪಳ ಬಂತು. ಸೂಪರ್‌ವೈಸರ್ ಕಾಗದ ಹಿಡಿದು ನಿಂತಿದ್ದ. ಅವನ ಮುಂದೆ ಹುಚ್ಚೀರಪ್ಪ, ಮೇಲಿನ ಗುಂಡಿ ಆಗಲೇ ಬಿಚ್ಚಿತ್ತು. ಪಂಪಾಪತಿ ಸಾಕ್ಷಿ ಹೇಳಲು ಇಳಿದು ಬಂದಿದ್ದರು.

ಅಂದಪ್ಪ ಹೆಂಡತಿಯನ್ನು ಇಳಿಸಿ ಬೆಂಚಿಗೆ ಕೂರಿಸಿದರು. ನೇರ ಬಂದು ಚೀಲದಿಂದ ಎರಡು ಮಗ್ಗು ತೆಗೆದು ಸೂಪರ್‌ವೈಸರನ ಕೈಗಿಟ್ಟರು. ತೆಗೆದವನು ನಾನು, ಈ ಹುಡುಗನದೇನೂ ತಪ್ಪಿಲ್ಲ ಎಂದರು.

ಯಾಕೆ ತೆಗೆದಿರಿ ಎಂದು ಅವನು ಕೇಳಿದ. ಅಂದಪ್ಪ ನೆಲ ನೋಡಿದರು.

"ಹಲ್ಲ ಉದುರೂ ವಯಸ್ಸಿನಾಗ ಪಾಯಖಾನಿ ಮಗ್ಗ ಕದಿಯೂದ?" ಎಂದರು ಪಂಪಾಪತಿ.

ಖೈರುನಬಿ ಬಾಯಿ ತೆರೆದಳು. ಅಂದಪ್ಪ ಅವಳತ್ತ ನೋಡಿದರು. ಅವಳು ಬಾಯಿ ಮುಚ್ಚಿದಳು. ಸೂಪರ್‌ವೈಸರ್ ಸುಮ್ಮನಾಗಲಿಲ್ಲ. ಕಾರಣ ಬರೆಯದೆ ದೂರು ಮುಗಿಯುವುದಿಲ್ಲ, ಇಬ್ಬರೂ ಕೂಡಿ ಮಾಡಿದ್ದೆಂದು ಬರೆಯುತ್ತೇನೆ ಎಂದ. ಹುಚ್ಚೀರಪ್ಪನ ಕಣ್ಣು ತುಂಬಿದವು.

"ನಾನು ಹೇಳ್ತೀನಿ, ಬರಕೋರಿ."

ಬೆಂಚಿನ ಮೇಲಿಂದ ಅಂದಪ್ಪನ ಹೆಂಡತಿ ವಿರೂಪಾಕ್ಷಮ್ಮ ಎದ್ದಿದ್ದಳು. ಎಡಗೈಲಿ ಬಲಗೈ ಹಿಡಿದು ಸೆರಗಿನಿಂದ ಹೊರಗೆಳೆದಳು. ಒಣಗಿದ ಟೊಂಗೆಯಂಥ ಕೈ.

"ಇದು ನಡಿಯೂದಿಲ್ಲ. ಒಬ್ಬಾಕಿನ ತೊಳಕೊಳ್ಳಾಕ ಆಗಲಿಲ್ಲ. ಅದಕ್ಕ ಇವರು ಸರಪಳಿ ಉದ್ದ ಮಾಡಿದ್ರು. ಆಣಿ ಹಾಕಿಸಿ ಬಾಯಿ ಕಟ್ಟಿದಾಕಿ ನಾನು. ನನ್ನ ನಾಚಿಕಿಗೆ ಈ ಹುಡುಗನ ಅನ್ನ ಹೋಗೂದು ಬ್ಯಾಡ."

ಸೂಪರ್‌ವೈಸರ್ ಕಾಗದವನ್ನು ಮಡಚಿದ, ಮತ್ತೊಮ್ಮೆ ಮಡಚಿದ, ಜೇಬಿಗಿಟ್ಟ. ಮಗ್ಗುಗಳನ್ನು ಹುಚ್ಚೀರಪ್ಪನಿಗೆ ಕೊಟ್ಟು ಗಾಡಿ ಹತ್ತು ಎಂದ. ಪಂಪಾಪತಿ ಫೋನು ತೆಗೆದರು. ಕೊಟ್ಟ ದೂರು ವಾಪಸು ತೆಗೆದುಕೊಳ್ಳುವುದು ಹೇಗೆಂದು ಖೈರುನಬಿಯನ್ನು ತಗ್ಗಿದ ದನಿಯಲ್ಲಿ ಕೇಳಿದರು.

ಗಾಡಿ ಸೀಟಿ ಹಾಕಿತು. ಹುಚ್ಚೀರಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದ.

"ಅವ್ವಾರ, ಒಂದು ಮಾತು ಹೇಳಿದ್ರ ನಾನ ಕಟ್ಟಿಕೊಡ್ತಿದ್ನಲ್ರಿ."

ಗಾಡಿ ಹೊರಟಿತು. ಅಂದಪ್ಪ ಇನ್ನೂ ನೆಲವನ್ನೇ ನೋಡುತ್ತ ನಿಂತಿದ್ದರು. ವಿರೂಪಾಕ್ಷಮ್ಮ ಎಡಗೈಯಿಂದ ಗಂಡನ ತೋಳು ಹಿಡಿದಳು.

"ನಡೀರಿ. ಬಸ್ ಸ್ಟ್ಯಾಂಡಿನಾಗ ಕೂತು ಏನರ ತಿನ್ನೂಣು. ಭಾಳ ಹಸಿವ್ಯಾಗೈತಿ."