ತಪ್ಪು ವರ್ಷದ ಬರ್ಚ್ ಮರ

ಮೇ ಒಂದರ ಬೆಳಿಗ್ಗೆ ಅನ್ನೆಲೀ ಹೊರಗೆ ಬಂದಾಗ ಅವಳ ಗೇಟಿನ ಕಂಬಕ್ಕೆ ಎಳೆಯ ಬರ್ಚ್ ಮರವೊಂದನ್ನು ಯಾರೋ ಕಟ್ಟಿ ಹೋಗಿದ್ದರು. ಕೊಂಬೆಗಳ ತುಂಬ ಕೆಂಪು, ಹಳದಿ ಕಾಗದದ ಪಟ್ಟಿಗಳು. ನಡುವೆ ರಟ್ಟಿನ ಹೃದಯ, ಅದರ ಮೇಲೆ ಅವಳ ಹೆಸರು.

ಎದುರುಮನೆಯ ಟಿಲ್ಲಾ ಆಗಲೇ ಕಿಟಕಿಗೆ ಮೊಣಕೈ ಊರಿ ನಿಂತಿದ್ದಳು.

"ನೋಡೇ, ಊರಲ್ಲಿ ಇನ್ನೂ ಒಬ್ಬ ಹುಚ್ಚ ಉಳಿದಿದ್ದಾನೆ! ಇದು ಲೀಪ್ ಇಯರ್ ಕಣೇ. ಗಂಡಸರು ಮರ ಕಟ್ಟೋ ವರ್ಷಾನಾ ಇದು? ಯಾವನೋ ಪರವೂರಿನವನು, ಲೆಕ್ಕ ತಪ್ಪಿದ್ದಾನೆ."

ರೈನ್ ನದಿಯ ಈ ಬದಿಯ ಹಳ್ಳಿಗಳಲ್ಲಿ ಲೆಕ್ಕ ಎಲ್ಲರಿಗೂ ಗೊತ್ತು. ಮೇ ತಿಂಗಳು ಹುಟ್ಟುವ ಮೊದಲು ಗಂಡು ತಾನು ಮೆಚ್ಚಿದವಳ ಗೇಟಿಗೆ ಬರ್ಚ್ ಕಟ್ಟುತ್ತಾನೆ. ತಿಂಗಳ ಕೊನೆಗೆ ಬಂದು ತಾನೇ ಇಳಿಸುತ್ತಾನೆ. ಅವನು ಯಾರೆಂದು ಹೊರಬೀಳುವುದು ಆಗಲೇ. ಲೀಪ್ ವರ್ಷದಲ್ಲಿ ಮಾತ್ರ ಸರದಿ ಹೆಣ್ಣಿನದು.

ಅನ್ನೆಲೀ ತಿಂಗಳ ಕೊನೆಯವರೆಗೆ ಕಾಯಬೇಕಿರಲಿಲ್ಲ. ಅವಳು ಹಗ್ಗದ ಗಂಟನ್ನು ನೋಡಿದಳು. ಅಗ್ನಿಶಾಮಕ ದಳದವರ ಗಂಟು, ತುದಿಯಲ್ಲೊಂದು ಕುಣಿಕೆ. ಚಳಿಗೆ ಬೆರಳು ಮರಗಟ್ಟಿದ್ದರೂ ಬಿಚ್ಚಲು ಬರಲಿ ಎಂದು ಹಾಗೆ ಕುಣಿಕೆ ಬಿಡುವವನು ಅವರ ಊರಾದ ಓಬರ್‌ಹೋಲ್ಟ್‌ನಲ್ಲಿ ಒಬ್ಬನೇ ಇದ್ದ. ಗಣಿಯ ವಿರುದ್ಧದ ಪ್ರತಿಭಟನೆಯ ಬ್ಯಾನರುಗಳನ್ನೆಲ್ಲ ಕಟ್ಟುತ್ತಿದ್ದವನು ಅವನೇ, ಯೋಸ್ಟ್.

ಅವಳಿಗೆ ಮೊದಲು ಬಂದದ್ದು ಸಿಟ್ಟು.

ಕಲ್ಲಿದ್ದಲು ಗಣಿ ಊರಿನತ್ತ ವರ್ಷವರ್ಷವೂ ಸರಿದು ಬರುತ್ತಿತ್ತು. ರೈ ಧಾನ್ಯದ ಹೊಲದ ಆಚೆ ಅಗೆಯುವ ಯಂತ್ರದ ಚಕ್ರ ತಿರುಗುವುದು ಅಡುಗೆಮನೆಯಿಂದಲೇ ಕಾಣುತ್ತಿತ್ತು. ಬಾವಿಗಳು ಬತ್ತಿದ್ದವು. ಕಿಟಕಿಯಂಚು ಒರೆಸಿದಷ್ಟೂ ಧೂಳು. ಕಂಪನಿಗೆ ಮನೆ ಮಾರುವುದಿಲ್ಲ ಎಂದವರು ಗೇಟಿಗೆ ಹಳದಿ ಬಣ್ಣದ ಮರದ ಕ್ರಾಸ್ ಹೊಡೆದಿದ್ದರು. ಆ ಕ್ರಾಸುಗಳಿಗೆ ಬಣ್ಣ ಬಳಿದವರು ಅನ್ನೆಲೀ ಮತ್ತು ಯೋಸ್ಟ್. ಒಮ್ಮೆ ಅವನ ಹುಬ್ಬಿಗೆ ಹಳದಿ ಅಂಟಿ, ಅವಳು ಹೆಬ್ಬೆರಳಿನಿಂದ ಒರೆಸಿದ್ದಳು. ಒರೆಸಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ತೆಗೆದುಕೊಂಡಿದ್ದಳು. ಅವನೂ ಕಣ್ಣು ಮುಚ್ಚಿ ಸುಮ್ಮನೆ ನಿಂತಿದ್ದ.

ಆಮೇಲೆ ಶರತ್ಕಾಲದಲ್ಲಿ ಅವನು ಮನೆ ಮಾರುವ ಪತ್ರಕ್ಕೆ ಸಹಿ ಹಾಕಿದ.

ಕಾರಣ ಅವಳಿಗೆ ಗೊತ್ತಿತ್ತು. ಅವನ ತಾಯಿ ಕೇಟೆಗೆ ನೆನಪು ಹೋಗುತ್ತಿತ್ತು. ಒಂದು ಸಂಜೆ ಆಕೆ ಮನೆಯ ಚಪ್ಪಲಿಯಲ್ಲೇ ಹೊಲ ದಾಟಿ, ಕೆಡವಿ ವರ್ಷಗಳಾಗಿದ್ದ ಚರ್ಚನ್ನು ಹುಡುಕುತ್ತ ಗಣಿಯ ಅಂಚಿಗೆ ಹೋಗಿದ್ದರು. ತಾಯಿಯನ್ನು ಅಲ್ಲಿಂದ ಹಿಡಿದು ತಂದವನು ಮರುವಾರ ತನ್ನ ಗೇಟಿನ ಕ್ರಾಸನ್ನು ತಾನೇ ಕಿತ್ತು, ಕಾರಿನಲ್ಲಿ ಕಾಲು ಗಂಟೆ ದೂರದಲ್ಲಿ ಕಂಪನಿ ಕಟ್ಟಿಕೊಟ್ಟ ಹೊಸ ಊರಿಗೆ ಹೋದ. ಅನ್ನೆಲೀಗೆ ಅದೆಲ್ಲ ಅರ್ಥವಾಗುತ್ತಿತ್ತು. ಕ್ಷಮಿಸಲು ಮಾತ್ರ ಆಗಿರಲಿಲ್ಲ.

ಹೋರಾಟ ಸಮಿತಿಯಲ್ಲಿ ಯಾರೂ ಬರೆದಿಡದ ನಿಯಮವೊಂದಿತ್ತು: ಸಹಿ ಹಾಕಿದವರು ಧರಣಿಗೆ ಕೂರುವಂತಿಲ್ಲ, ಸೂಪ್ ತರಬಹುದು. ಯೋಸ್ಟ್ ಪ್ರತಿ ಭಾನುವಾರ ಬಟಾಣಿ ಸೂಪಿನ ದೊಡ್ಡ ಪಾತ್ರೆ ಹೊತ್ತು ಬರುತ್ತಿದ್ದ.

ಮೇ ತಿಂಗಳ ಮೊದಲ ಭಾನುವಾರವೂ ಬಂದ.

"ನಿನ್ನ ಗೇಟಿಗೆ ಮರ ಬಂದಿದೆಯಂತೆ," ಎಂದ, ಸೌಟಿನಿಂದ ಕಣ್ಣೆತ್ತದೆ.

"ಹೂಂ. ಯಾವನೋ ವರ್ಷ ಮರೆತೋನು."

"ಪಾಪ. ಬುದ್ಧಿ ಕಮ್ಮಿ ಇರಬೇಕು."

"ನಾಚಿಕೆನೂ ಕಮ್ಮಿ."

ಅವನು ಅವಳ ಬಟ್ಟಲಿಗೆ ಸಾಸೇಜಿನ ಇನ್ನೊಂದು ತುಂಡು ಹಾಕಿದ. ಅವಳು ಅದನ್ನು ಎತ್ತಿ ಪಾತ್ರೆಗೇ ವಾಪಸು ಹಾಕಿದಳು. ಆಗ ಕಣ್ಣುಗಳು ಸೇರಿದವು. ಮೊದಲು ಕಣ್ಣು ತಪ್ಪಿಸಿದವಳು ಅವಳೇ.

ಮೇ ನಡುವಿನಲ್ಲಿ ಸಮಿತಿ ಕೋರ್ಟಿಗೆ ಹಾಕಿದ್ದ ಕೊನೆಯ ಮೇಲ್ಮನವಿ ವಜಾ ಆಯಿತು. ತಿಂಗಳು ಮುಗಿಯುವುದರೊಳಗೆ ಮನೆ ಖಾಲಿ ಮಾಡಬೇಕು. ಅನ್ನೆಲೀ ಒಂದು ಪೆಟ್ಟಿಗೆಯನ್ನೂ ಕಟ್ಟಲಿಲ್ಲ.

ಮೂವತ್ತೊಂದರ ಮಧ್ಯಾಹ್ನ ಯೋಸ್ಟ್ ಗೇಟಿನ ಬಳಿ ನಿಂತಿದ್ದ. ಮರ ಒಣಗಿತ್ತು, ಕಾಗದದ ಬಣ್ಣ ಬಿಟ್ಟಿತ್ತು, ಎಲೆಗಳ ಮೇಲೆ ಬೂದುಬಣ್ಣದ ಧೂಳು ಕೂತಿತ್ತು.

"ಬಂದ್ಯಾ? ಮರ ಇಳಿಸಿದೋನಿಗೆ ಹುಡುಗಿ ಅಪ್ಪ ಒಂದು ಕ್ರೇಟ್ ಬಿಯರ್ ಕೊಡಬೇಕು," ಎಂದಳು. "ನಮ್ಮಪ್ಪನ್ನ ಕಂಪನಿಯೋರು ಫೆಬ್ರವರಿಯಲ್ಲಿ ಗೋರಿಯಿಂದ ಅಗೆದು ಹೊಸ ಊರಿನ ಸ್ಮಶಾನಕ್ಕೆ ಒಯ್ದರು. ಅಲ್ಲೇ ಹೋಗಿ ಇಸ್ಕೋ."

"ಹೋಗ್ತಾನೇ ಇರ್ತೀನಿ. ಗಿಡಕ್ಕೆ ನೀರು ಹಾಕೋರು ಬೇಕಲ್ಲ."

ಹೊಸ ಸಮಾಧಿಯನ್ನು ನೋಡಲು ಅವಳು ಒಮ್ಮೆಯೂ ಹೋಗಿರಲಿಲ್ಲ.

"ನಿಜ ಹೇಳು, ಯೋಸ್ಟ್. ಲೀಪ್ ಇಯರ್ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಮುಂದಿನ ವರ್ಷ ನನ್ನ ಸರದಿ. ಕಟ್ಟೋಕೆ ನಿನ್ನ ಗೇಟು ಇರಲ್ವಲ್ಲ."

ಹೊಲದಾಚೆ ಚಕ್ರ ತಿರುಗುತ್ತಿತ್ತು. ಅವನು ಗಂಟಿನ ಕುಣಿಕೆಗೆ ಕೈ ಹಾಕಿದ. ಅವಳು ಅವನ ಕೈ ಮೇಲೆ ಕೈಯಿಟ್ಟು ತಡೆದಳು.

"ಇಳಿಸಬೇಡ. ಇವತ್ತೊಂದು ದಿನ ಇರಲಿ."

"ನಾಳೆ ಪೊಲೀಸರು ಬರೋವಾಗ ನಾನೂ ಧರಣಿಗೆ ಕೂರ್ತೀನಿ, ಅನ್ನೆಲೀ."

"ನೀನು ಸಹಿ ಹಾಕ್ದೋನು."

"ಹೌದು," ಎಂದ. ತಾಯಿಯ ಹೆಸರು ಎತ್ತಲಿಲ್ಲ, ಸಮಜಾಯಿಷಿ ಕೊಡಲಿಲ್ಲ. ಅವಳು ಕೈ ತೆಗೆದು ಒಳಗೆ ಹೋದಳು.

ಬೆಳಿಗ್ಗೆ ಪೊಲೀಸ್ ವ್ಯಾನುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದವು. ಅನ್ನೆಲೀಯ ಅಂಗಳದಲ್ಲಿ, ಸಹಿ ಹಾಕದೆ ಉಳಿದ ಕೆಲವೇ ಮಂದಿ ತೋಳಿಗೆ ತೋಳು ಹೆಣೆದು ನೆಲದ ಮೇಲೆ ಕೂತಿದ್ದರು. ಯೋಸ್ಟ್ ಬರಿಗೈಯಲ್ಲಿ ಒಳಗೆ ಬಂದ.

"ಎಲ್ಲಿಗಪ್ಪಾ?" ಟಿಲ್ಲಾ ಗದರಿದಳು. "ಸೂಪಿನೋರು ಗೇಟಿನಾಚೆ."

ಅವನು ನಿಂತಲ್ಲೇ ನಿಂತ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅನ್ನೆಲೀ ಟಿಲ್ಲಾಳ ತೋಳಿನಿಂದ ತನ್ನ ತೋಳು ಬಿಡಿಸಿಕೊಂಡು ಪಕ್ಕಕ್ಕೆ ಸರಿದಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು.

"ಅವನು ಇಲ್ಲಿ ಕೂರ್ತಾನೆ."

"ಯಾಕಂತೆ?"

"ನನಗೆ ಬೇಕು, ಅದಕ್ಕೆ."

ಟಿಲ್ಲಾ ಅವಳ ಮುಖ ನೋಡಿದಳು, ಅವನ ಮುಖ ನೋಡಿದಳು, ಗೇಟಿನ ಒಣಮರವನ್ನೂ ನೋಡಿದಳು.

"ಓಹೋ, ಆ ಹುಚ್ಚ ನೀನೇನಾ? ಕೂತ್ಕೋ ಮಾರಾಯ. ಪ್ರೀತಿ ಮಾಡೋಕೆ ನಿಮಗೆ ಬೇರೆ ದಿನವೇ ಸಿಗಲಿಲ್ಲ."

ಅವನು ಕೂತ. ಅವನ ತೋಳು ಅವಳ ತೋಳಿನೊಳಗೆ ಬಿಗಿಯಾಗಿ ಬಂತು.

ಪೊಲೀಸರು ಒರಟಾಗಿ ನಡೆದುಕೊಳ್ಳಲಿಲ್ಲ. "ಮೇಡಂ, ಅವರ ಕೈ ಬಿಡ್ತೀರಾ?" ಎಂದು ಒಬ್ಬಳು ಕೇಳಿದಳು. "ಇಲ್ಲ," ಎಂದಳು ಅನ್ನೆಲೀ. ಬೆರಳು ಬೆರಳಾಗಿ ಬಿಡಿಸಿದರು. ಕೈಕಾಲು ಹಿಡಿದೆತ್ತಿ ರಸ್ತೆಗೆ ತಂದು ಇಳಿಸಿದರು, ಹೆಸರು ಬರೆದುಕೊಂಡು ಬಿಟ್ಟರು.

ಮಧ್ಯಾಹ್ನಕ್ಕೆ ಕೆಡವುವ ಯಂತ್ರ ಅವಳ ಮನೆಯ ಒಂದು ಗೋಡೆ ಉರುಳಿಸಿತು. ಅಡುಗೆಮನೆಯ ನೀಲಿ ವಾಲ್‌ಪೇಪರ್ ಮೇಲೆ ಬಿಸಿಲು ಬಿತ್ತು. ಅಪ್ಪ ಅಂಟಿಸಿದ ವಾಲ್‌ಪೇಪರ್. ಅನ್ನೆಲೀ ಅದನ್ನು ಪೂರ್ತಿ ಬೀಳುವವರೆಗೂ ನೋಡಿದಳು. ಆಮೇಲೆ ಕಂಪನಿಯ ಕಾವಲುಗಾರನ ಬಳಿ ಹೋಗಿ ಗೇಟಿನತ್ತ ಕೈ ತೋರಿಸಿದಳು.

"ಆ ಮರ ಬೇಕು."

"ಅದು ಸತ್ತಿದೆಯಲ್ರೀ."

"ನನಗೆ ಗೊತ್ತು."

ಹೊಸ ಊರಿನ ಬೀದಿಗಳಿಗೆ ಹಳೆಯ ಬೀದಿಗಳದೇ ಹೆಸರು. ಮನೆಗಳೆಲ್ಲ ಒಂದೇ ಥರ, ನೆರಳಿಗೊಂದು ಮರವಿಲ್ಲ. ಜೂನ್ ಒಂದರ ಆ ಸಂಜೆ ಅನ್ನೆಲೀ ಯೋಸ್ಟ್‌ನ ಗೇಟಿಗೆ ಆ ಬರ್ಚನ್ನು ಕಟ್ಟಿದಳು. ತುದಿಯಲ್ಲೊಂದು ಕುಣಿಕೆ ಬಿಟ್ಟಳು.

ಬಾಗಿಲು ತೆರೆದು ಕೇಟೆ ಹೊರಗೆ ಬಂದರು.

"ಮೇ ಬಂತೇನೇ, ಅನ್ನೆಲೀ?"

"ಬಂತು, ಕೇಟೆ ಅಮ್ಮ."

"ಯಾರಿಗೆ ಈ ಮರ?"

"ನಿಮ್ಮ ಮಗನಿಗೆ. ಈ ವರ್ಷ ನಮ್ಮ ಸರದಿ ಅಲ್ವಾ."

ಮುದುಕಿ ಒಂದು ಎಲೆ ಮುಟ್ಟಿದರು. ಅದು ಕೈಯಲ್ಲೇ ಪುಡಿಯಾಯಿತು.

ತಾಯಿಯ ಹಿಂದೆ ಯೋಸ್ಟ್ ಬಂದು ನಿಂತಿದ್ದ. ಮರವನ್ನೂ ಗಂಟನ್ನೂ ನೋಡಿ ಕುಣಿಕೆಯನ್ನು ಬೆರಳಿನಿಂದ ಮುಟ್ಟಿದ.

"ಇಳಿಸೋದು ಯಾವಾಗ?"

"ತಿಂಗಳ ಕೊನೆಗೆ. ನಾನೇ ಬರ್ತೀನಿ."

"ಎಲ್ಲಿಂದ ಬರ್ತೀಯ?"

ಬೆಳಿಗ್ಗೆ ಕೇಳಿದ್ದರೆ ಹೇಳಲು ಅವಳಿಗೊಂದು ವಿಳಾಸ ಇತ್ತು.

"ಗೇಟಲ್ಲಿ ನಿಂತು ಎಂಥ ಮಾತು?" ಎಂದರು ಕೇಟೆ. "ಒಳಗೆ ಬಾರೇ. ಬೇಗ ಬಾಗಿಲು ಹಾಕು, ಗಣಿ ಧೂಳು ಬರತ್ತೆ."

ಈ ಊರಿಗೆ ಧೂಳು ಬರುತ್ತಿರಲಿಲ್ಲ. ಅನ್ನೆಲೀ ಒಳಗೆ ಬಂದು ಬಾಗಿಲು ಹಾಕಿದಳು.