ಮೊಣಕಾಲು ದಾಟಿದ ಕೆಂಪು ಗೆರೆ

ಗುಹೆಯೊಳಗೆ ಹೊಳೆ ಹುಟ್ಟುವ ಜಾಗದಿಂದ ಪರೀಕ್ಷೆಗೆಂದು ಒಂದು ಬಾಟಲಿ ನೀರು ತರಬೇಕಿತ್ತು. ಕೆಳಗಿನ ಊರಿನವರೆಲ್ಲ ಕುಡಿಯುತ್ತಿದ್ದುದು ಅದನ್ನೇ. ಹೊರಟವರು ಮೂವರು: ಹಗ್ಗದ ಕೆಲಸದಲ್ಲಿ ಪಳಗಿದ ಅಕ್ಕ, ನಕ್ಷೆ ಬರೆಯುವ ತಂಗಿ, ಔಷಧದ ಪೆಟ್ಟಿಗೆ ಹೊತ್ತ ಕಾಂಪೌಂಡರ್.

ಅಕ್ಕನದೊಂದು ಕಟ್ಟಳೆಯಿತ್ತು. ಗುಹೆ ಹೊಕ್ಕಮೇಲೆ ಹೊರಬರುವವರೆಗೆ ಯಾರೂ ಬೂಟು ಬಿಚ್ಚುವಂತಿಲ್ಲ. ನೆನೆದು ಊದಿದ ಕಾಲು ಮತ್ತೆ ಬೂಟಿಗೆ ಹೋಗದು. ಹಾಗಾಗಿ ಮೊದಲ ದಿನವೇ ಚೂಪುಗಲ್ಲೊಂದು ಅವಳದೇ ಬೂಟು ಸೀಳಿ ಕಿರುಬೆರಳಿನ ಬುಡ ಕೊಯ್ದಾಗ ಅವಳು ಬಾಯಿ ಬಿಡಲಿಲ್ಲ.

ಸುಣ್ಣಕಲ್ಲಿನ ಹಜಾರಗಳು ಒಂದರ ಹಿಂದೊಂದು ತೆರೆದುಕೊಂಡವು. ಚಾವಣಿಯಿಂದ ಬಿಳಿ ಕಲ್ಲಿನ ಬಿಳಲುಗಳು ಇಳಿಬಿದ್ದಿದ್ದವು. ಹೊಳೆ ಎಲ್ಲೋ ಬಂಡೆಯ ಹಿಂದೆ ಗೊಣಗುತ್ತಿತ್ತು.

ಮೂರನೆಯ ದಿನ ಬಾಟಲಿ ತುಂಬಿತು. ಹಿಂತಿರುಗುವಾಗ ಅಕ್ಕ ಮುಗ್ಗರಿಸಿದಳು.

"ನಿನ್ನೆಯಿಂದ ಕುಂಟ್ತಿದೀಯ. ಬೂಟು ಬಿಚ್ಚಕ್ಕಾ."

"ಸುಮ್ನಿರೇ. ನಕ್ಷೆ ನೋಡ್ಕೋ."

ಕಾಂಪೌಂಡರ್ ಬೂಟನ್ನೇ ಕತ್ತರಿಸಿದ. ಪಾದ ಊದಿ ಹೊಳೆಯುತ್ತಿತ್ತು, ಮುಟ್ಟಿದರೆ ಸುಡುತ್ತಿತ್ತು. ಎರಡು ಬೆರಳು ಕಪ್ಪಿಟ್ಟಿದ್ದವು.

"ಕೆಂಪು, ಬಿಸಿ, ಊತ, ನೋವು. ಅಲ್ಲೀವರೆಗೂ ಮೈ ನಮ್ಮ ಕಡೆಗೇ ಇರುತ್ತೆ," ಅಂದ. "ರಕ್ತನಾಳ ಹಿಗ್ಗಿಸಿ, ಗಾಯಕ್ಕೆ ಬಿಳಿ ರಕ್ತಕಣ ಕಳಿಸುತ್ತೆ. ಹೋರಾಡಿ ಸತ್ತವೇ ಈ ಕೀವು."

"ಮತ್ತೆ ಈ ಗೆರೆ?" ಅಂದಳು ತಂಗಿ.

ಪಾದದಿಂದ ಹೊರಟ ಕೆಂಪು ಗೆರೆಯೊಂದು ಮೊಣಕಾಲು ದಾಟಿತ್ತು. ಅವನು ದನಿ ತಗ್ಗಿಸಿದ. "ಸೋಂಕು ಮೇಲಕ್ಕೆ ಹೊರಟಿದೆ. ರಕ್ತಕ್ಕೆ ಸೇರಿದ್ರೆ ಮೈಯೆಲ್ಲಾ ಹೀಗೇ ಉರಿಯುತ್ತೆ. ಬಿಪಿ ಕುಸಿದು ಕಿಡ್ನಿ ನಿಲ್ಲುತ್ತೆ."

"ನಾನಿನ್ನೂ ಬದುಕಿದೀನಿ ಕಣಯ್ಯಾ," ಅಂದಳು ಅಕ್ಕ. ಹಲ್ಲುಗಳು ಕಟಕಟನೆ ಬಡಿಯುತ್ತಿದ್ದವು.

ಕೀವು ತೆಗೆದು, ಮಾತ್ರೆ ನುಂಗಿಸಿ, ಹಗ್ಗ ಮತ್ತು ಬಾಟಲಿ ಬಿಟ್ಟು ಉಳಿದ ಹೊರೆಯನ್ನೆಲ್ಲ ಅಲ್ಲೇ ಬಿಸುಟರು. ತಂಗಿ ಮುಂದಾದಳು. ಅದುವರೆಗೆ ಅವಳು ಯಾವಾಗಲೂ ಹಿಂದಿನವಳು.

ಕುತ್ತಿಗೆಮಟ್ಟದ ನೀರು. ತೆವಳಬೇಕಾದ ಕಿಂಡಿ. ಅಕ್ಕನ ತೋಳು ಹಿಡಿದು ಎಳೆದಳು.

ಕೊನೆಯ ಕಡಿದಾದ ಗೋಡೆ.

ಹಗ್ಗ ಬಿಗಿಯಿತು. ಮೇಲಿನಿಂದ ಎಳೆಯುತ್ತಿದ್ದ ತಂಗಿಯ ಅಂಗೈ ಸುಲಿಯಿತು. ಕೆಳಗಿನಿಂದ ಕಾಂಪೌಂಡರ್ ಹೆಗಲು ಕೊಟ್ಟ.

"ಅಮ್ಮಾ, ಚಳಿ," ಎಂದು ಅಕ್ಕ ತಂಗಿಯನ್ನೇ ಕರೆದಳು.

"ಬಂದ್ವಿ ಕಣೇ, ಬಂದ್ವಿ," ಅಂದಳು ತಂಗಿ, ತಾಯಿಯಂತೆಯೇ. ಇನ್ನೂ ಇಪ್ಪತ್ತು ಅಡಿ ಉಳಿದಿತ್ತು.

ಆಸ್ಪತ್ರೆಯಲ್ಲಿ ಕೊಳೆತ ಮಾಂಸದ ಜೊತೆ ಎರಡು ಬೆರಳೂ ಹೋದವು. ನೀರಿನ ಬಾಟಲಿ ಪರೀಕ್ಷೆಗೆ ಹೋಯಿತು. ಎರಡು ದಿನ ಮೂತ್ರದ ಚೀಲ ಬರಿದಾಗಿಯೇ ತೂಗುತ್ತಿತ್ತು. ಡಾಕ್ಟರು ಬಂದು ಅದನ್ನೇ ನೋಡಿ ಹೋಗುತ್ತಿದ್ದರು.

ಮೂರನೆಯ ಬೆಳಗ್ಗೆ ಕೊಳವೆಯೊಳಗೆ ಕಡುಹಳದಿ ಹನಿಯೊಂದು ಜಾರಿತು. ಅದರ ಹಿಂದೆ ಇನ್ನೊಂದು.

"ಬಂತು," ಅಂದಳು ತಂಗಿ.

ಅಕ್ಕ ಕಣ್ಣು ತೆರೆದಳು. "ಏನೇ ಬಂತು?"

"ಉಚ್ಚೆ."

"ಥೂ, ಮೆಲ್ಲಗೆ ಹೇಳೇ."

ತಂಗಿ ಆಗಲೇ ನರ್ಸನ್ನು ಕೂಗುತ್ತಾ ಬಾಗಿಲು ದಾಟಿದ್ದಳು.