ಹಳದಿಯಾಗಬೇಕಿದ್ದ ಸಾಲು

ಗಿಡಗಳ ಹಸಿರು ಕಂಡು ಹೇಮಾಳ ಎದೆ ಧಸಕ್ಕೆಂದಿತು.

ಕಡಲೆ ಗಿಡ ಹಸಿರಾಗಿದ್ದರೆ ಯಾರಿಗಾದರೂ ಖುಷಿಯೇ. ಆದರೆ ಎಡಸಾಲಿನ ಈ ಕುಂಡಗಳು ಹಸಿರಾಗಬಾರದಿತ್ತು. ಅವ್ವನ ಕಣ್ಣಿನ ಆಪರೇಷನ್ನಿಗೆಂದು ಕೊಪ್ಪಳಕ್ಕೆ ಹೊರಟಾಗ ಅವು ಅರಿಸಿನ ಹಚ್ಚಿದಂತೆ ಹಳದಿಯಾಗಿದ್ದವು. ವಾರ ಕಳೆದು ಬಂದು ನೋಡಿದರೆ ಬಲಸಾಲಿಗೂ ಇದಕ್ಕೂ ಫರಕೇ ಇಲ್ಲ. ಹೆಗಲಿನ ಬ್ಯಾಗನ್ನೂ ಇಳಿಸದೆ ಆಕೆ ಅಲ್ಲೇ ಇದ್ದ ಚೀಲದ ಮೇಲೆ ಕುಸಿದು ಕೂತಳು.

ಕುಷ್ಟಗಿ ರಸ್ತೆಯ ಈ ನರ್ಸರಿ ಯಮನೂರಪ್ಪನದು. ಮೆಣಸಿನಕಾಯಿ, ಟೊಮೆಟೊ ಸಸಿ ಬೆಳೆಸಿ ರೈತರಿಗೆ ಮಾರುವವನು. ಕಾಲೇಜಿನ ನೆರಳುಪರದೆ ಗಾಳಿಗೆ ಹರಿದುಹೋದಾಗ ತನ್ನ ಪರದೆಯಡಿಯ ಒಂದು ಮೂಲೆಯನ್ನು ಹೇಮಾಳ ಪಿಎಚ್‌ಡಿಗೆ ಬಿಟ್ಟುಕೊಟ್ಟಿದ್ದ.

ಕಡಲೆಯ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಗಿಡ ಅವಕ್ಕೆ ಸಕ್ಕರೆ ಉಣಿಸುತ್ತದೆ, ಅವು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತವೆ. ಯಲಬುರ್ಗಾದ ಎರೆಹೊಲದಲ್ಲಿ ಸಿಕ್ಕ ಅಂಥ ಬ್ಯಾಕ್ಟೀರಿಯಾದಲ್ಲಿ ಹೇಮಾ ಒಂದೇ ಒಂದು ಜೀನ್ ಕೆಡಿಸಿದ್ದಳು. ಜೀನ್ ಕೆಟ್ಟದ್ದು ಎಡಸಾಲಿಗೆ, ನೆಟ್ಟಗಿರುವುದು ಬಲಸಾಲಿಗೆ. ಎಡಸಾಲು ಹಳದಿಯಾಗಿ ಸೊರಗಿದರೆ ಆಕೆ ಗೆದ್ದಂತೆ, ಏಕೆಂದರೆ ಉಣಿಸುವ ಕೆಲಸ ಆ ಜೀನಿನದೇ ಎಂದು ಆಗ ತೋರಿಸಬಹುದು. ಎರಡು ಸಲ ಕೈಕೊಟ್ಟ ಪ್ರಯೋಗ ಈ ಸಲ ಕೈಹಿಡಿದಿತ್ತು. ಮನೆಯವರು ಕೊಟ್ಟ ಗಡುವೂ ಶಿವರಾತ್ರಿಯವರೆಗೆ ಮಾತ್ರ. ಆಮೇಲೆ ಗಂಗಾವತಿಯ ವರನ ಮುಂದೆ ಚಹಾದ ತಟ್ಟೆ ಹಿಡಿದು ನಿಲ್ಲಬೇಕು, ಓದು ಅಲ್ಲಿಗೆ ಮುಗಿಯಿತು.

ಎಡಸಾಲಿನ ಒಂದು ಗಿಡ ಕಿತ್ತು, ಬೇರು ತೊಳೆದು, ಗಂಟೊಂದನ್ನು ಬ್ಲೇಡಿನಿಂದ ಸೀಳಿದಳು. ದುಡಿಯುವ ಗಂಟು ಒಳಗೆ ರಕ್ತದಂತೆ ಕೆಂಪಗಿರುತ್ತದೆ. ಇದು ಬೆಳ್ಳಗಿತ್ತು. ಗಂಟು ದುಡಿದಿಲ್ಲ, ಆದರೂ ಎಲೆ ಹಸಿರು. ಅಂದರೆ ಗಿಡಕ್ಕೆ ಬೇರೆ ಯಾರೋ ಉಣಿಸಿದ್ದಾರೆ.

"ಯಮನೂರಪ್ಪರ..."

ನೀರಿನ ಪೈಪು ಹಿಡಿದೇ ಬಂದ. ಮುಖದ ತುಂಬ ಹಬ್ಬ. "ನೋಡಿದ್ರಿಲ್ಲ ಮೇಡಂ? ಹೆಂಗ ಚಿಗತಾವ!"

"ಏನು ಹಾಕಿದ್ರಿ?"

"ಈ ಸಾಲಿಗಷ್ಟ ಚೂರು ಯೂರಿಯಾರಿ. ನೀರಾಗ ಕದಡಿ ಹಾಕೀನಿ. ಭಾಳ ಹಾಕಿಲ್ಲ್ರಿ."

ಹೇಮಾಳಿಗೆ ಕೂಗಾಡಬೇಕೆನಿಸಿತು. ಕೂಗಾಡುವಷ್ಟು ಕಸುವು ಮೈಯಲ್ಲಿ ಉಳಿದಿರಲಿಲ್ಲ.

"ಅವು ಹಳದಿನ ಇರಬೇಕಿತ್ರಿ," ಎಂದಳು ಮೆಲ್ಲಗೆ. "ಯೂರಿಯಾದಾಗ ಸಾರಜನಕ ಇರತೈತಿ. ಈಗ ಜೀನ್ ಕೆಡಿಸಿದ್ದಕ್ಕ ಏನಾತು ಅಂತ ಯಾರಿಗೂ ತೋರಿಸಾಕ ಬರಂಗಿಲ್ಲ. ಎಲ್ಲಾ ಹೋತು."

ಯಮನೂರಪ್ಪನ ಮುಖ ಇಳಿದುಹೋಯಿತು. ಪೈಪಿನ ನೀರು ಅವನ ಚಪ್ಪಲಿ ತೋಯಿಸುತ್ತಿತ್ತು, ಅದರ ಖಬರೂ ಅವನಿಗಿರಲಿಲ್ಲ.

"ನನಗ ಒಂದು ಮಾತು ಹೇಳಬಾರದಿತ್ತೇನ್ರಿ?"

ಹೇಳಬಹುದಿತ್ತು. ಇವು ಯಾಕೆ ಹೀಗೆ ಎಂದು ಅವನು ಒಮ್ಮೆ ಕೇಳಿಯೂ ಇದ್ದ. ಬಸ್ಸಿನಲ್ಲಿ ನಿಂತೇ ಬಂದು ಸುಸ್ತಾಗಿದ್ದ ಆಕೆ "ದೊಡ್ಡ ಕಥಿ ಐತ್ರಿ ಅದು" ಎಂದು ಮಾತು ಮುಗಿಸಿದ್ದಳು.

"ಬಲಸಾಲಿಗೆ ಯಾಕ ಹಾಕಲಿಲ್ಲ?"

"ಅವನ್ನ ನೋಡೂಮುಂದ ನಿಮ್ಮ ಮಾರಿ ಛಲೋ ಇರತಿತ್ರಿ." ಅವನು ಕತ್ತು ಮೇಲೆತ್ತಲಿಲ್ಲ. "ಇವುಗಳ ಮುಂದ ಮಾರಿ ಸಣ್ಣದು ಮಾಡಿಕೊಂಡು ಕುಂದ್ರತಿದ್ರಿ. ದಿನಾ ನೋಡತಿದ್ದೆ. ನನಗ ಗಿಡದ ಚಿಂತಿ ಇರಲಿಲ್ಲ್ರಿ. ಬಂದಕೂಡ್ಲೆ ನೀವು ಒಮ್ಮಿ ನಗಬೇಕು ಅಂತ, ಅಷ್ಟ."

ಹೇಮಾಳಿಗೆ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಇಷ್ಟು ದಿನ ಈ ದಣಿವನ್ನು ಯಾರೂ ಗಮನಿಸಿಲ್ಲವೆಂದೇ ಆಕೆ ನಂಬಿದ್ದಳು.

"ಯಮನೂರಪ್ಪರ, ಈ ಚೀಲದ ಮ್ಯಾಲೆ ಕುಂತ್ರ ಎದುರಿಗೆ ಏನು ಕಾಣತೈತಿ, ಹೇಳ್ರಿ?"

ಅವನು ತಿರುಗಿ ನೋಡಿದ. ತಾನು ದಿನವೂ ನಿಂತು ಸಸಿ ಟ್ರೇ ತುಂಬುವ ಜಾಗ.

"ನಾ ಇಲ್ಲಿ ಕುಂತು ಗಿಡ ನೋಡತಿರಲಿಲ್ಲ್ರಿ," ಎಂದಳು. "ಶಿವರಾತ್ರಿ ಆದಮ್ಯಾಲೆ ಇದನ್ನೆಲ್ಲಾ ಬಿಟ್ಟು ಹೋಗಬೇಕಲ್ಲ ಅಂತ ಮಾರಿ ಸಣ್ಣದಾಗತಿತ್ತು."

ಯಮನೂರಪ್ಪ ಬಾಯಿ ತೆರೆದ. ಕಿವಿ ಮಾತ್ರ ಕೆಂಪಾದವು.

ಅಷ್ಟರಲ್ಲಿ ಅವ್ವನ ಫೋನು. ಕಣ್ಣಿನ ಪಟ್ಟಿ ಇನ್ನೂ ಬಿಚ್ಚಿಲ್ಲ, ಆಗಲೇ ಶುರು ಮಾಡಿದಳು. "ಗಂಗಾವತಿಯವರು ಕೇಳಾಕತ್ಯಾರ ನೋಡವ್ವಾ. ಹಬ್ಬ ಆದಕೂಡ್ಲೆ ಬರ್ರಿ ಅನ್ಲೇನು?"

"ಬ್ಯಾಡ ಅನ್ನಬೇ." ಹೇಮಾಳ ಕಣ್ಣು ಯಮನೂರಪ್ಪನ ಮೇಲಿತ್ತು. "ನನ್ನ ಬೆಳಿ ಕೆಟ್ಟೈತಿ, ಮತ್ತ ಬಿತ್ತಬೇಕು. ನನ್ನ ಮನಸಿನಾಗೂ ಬ್ಯಾರೆ ಒಬ್ಬರು ಅದಾರ. ಊರಿಗೆ ಬಂದು ಎಲ್ಲಾ ಹೇಳತೀನಿ."

ಅವ್ವ ಏನೋ ಅನ್ನುತ್ತಿದ್ದಳು, ಆಕೆ ಫೋನಿಟ್ಟಳು.

"ನಾಳಿಗೇ ಬೀಜ ಹಾಕೂಣ್ರಿ, ಕಡಲಿಗೆ ಬೇಕಾದ ಚಳಿ ಇನ್ನೂ ಐತಿ," ಎಂದಳು. "ಈ ಸಲ ಎಷ್ಟ ಹಳದಿ ಆದ್ರೂ ಮುಟ್ಟಂಗಿಲ್ಲ. ಸುಮ್ನ ನೋಡಬೇಕು. ಆಗತೈತಿ?"

"ಗಿಡ ಹಳದಿ ಆದ್ರ ಹೆಂಗರ ತಡಕೊಂತೀನ್ರಿ." ಅವನು ಕೊನೆಗೂ ಆಕೆಯ ಕಣ್ಣಲ್ಲಿ ಕಣ್ಣಿಟ್ಟ. "ನಿಮ್ಮ ಮಾರಿ ಬಾಡಿದ್ರ?"

"ನಾ ಪ್ರಯೋಗದಾಗ ಇಲ್ಲಲ್ರಿ. ನನಗ ಆರೈಕಿ ಮಾಡಬಹುದು. ಚಹಾದಿಂದ ಶುರು ಮಾಡ್ರಿ, ಭಾಳ ದಣದೀನಿ."

ಯಮನೂರಪ್ಪ ಪೈಪನ್ನು ಅಲ್ಲೇ ಬಿಟ್ಟು ಒಲೆ ಹಚ್ಚಲು ಓಡಿದ. ಹೇಮಾ ನಗುತ್ತ ಎದ್ದು ನಲ್ಲಿ ನಿಲ್ಲಿಸಿದಳು. ಆಮೇಲೆ ಹೆಗಲಿನ ಬ್ಯಾಗು ಇಳಿಸಿದಳು.